ಪರದೇಶದ ಪಣ್ಯವೂ ವರ್ತಕರ ಕೂಟವೂ: ಕಲ್ಯಾಣದ ಮಿತಾಕ್ಷರೆಯಿಂದ ಹಳ್ಳಿಖೇಡದ ಕಬ್ಬಿನವರೆಗೆ

ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿಗೆ ಸೇರಿದ ಹಳ್ಳಿಖೇಡವು ಸರ್ಕಾರದ ದಾಖಲೆಗಳಲ್ಲಿ ‘ಹಳ್ಳಿಖೇಡ (ಬಿ)’ ಎಂದು ಬರೆಯಲ್ಪಡುತ್ತದೆ. ಈ ‘ಬಿ’ ಎಂಬುದು ಪಾರಸೀಕದ ‘ಬುಜುರ್ಗ್’ ಎಂಬ ಪದದ ಮೊದಲಕ್ಷರವು. ಹಿರಿದು, ದೊಡ್ಡದು ಎಂದು ಅದರರ್ಥ. ಊರಿನ ಸುತ್ತಲಿನ ನೆಲವು ಕಬ್ಬಿನ ಬೆಳೆಗೆ ಹೆಸರಾದುದು. ಬೀದರ ಸಹಕಾರಿ ಸಕ್ಕರೆ ಕಾರ್ಖಾನೆಯು ಸ್ಥಾಪಿತವಾದುದು ಈ ಊರಿನಲ್ಲಿಯೇ. ಇದರ ನೆರೆಯ ತಾಲೂಕಿನ ಮುಖ್ಯಸ್ಥಳವಾದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೆಂಬುದೂ, ಅಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನೆಂಬುದೂ ವಾಚಕರಿಗೆ ವಿದಿತವೇ ಆಗಿದೆ.

ಕಬ್ಬಿನ ಗದ್ದೆಗೂ ಧರ್ಮಶಾಸ್ತ್ರದ ಗ್ರಂಥಕ್ಕೂ ಸಂಬಂಧವೇನೆಂದು ಸಂಶಯವುಂಟಾಗುವುದು ಸಹಜವಾಗಿದೆ. ೨೦೨೧ನೆಯ ಇಸವಿಯ ಡಿಸೆಂಬರ್ ೧೪ರಂದು ಜಿನೀವಾ ನಗರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ವಿಚಾರಣಾಮಂಡಲಿಯೊಂದು ತನ್ನ ವರದಿಯನ್ನು ಹೊರಪಡಿಸಿತು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಎಂಬ ಮೂರು ದೇಶಗಳು ಭಾರತದ ಮೇಲೆ ತಂದ ದೂರಿನ ಮೇಲಿನ ವರದಿಯದು. ಭಾರತ ಸರ್ಕಾರವು ಕಬ್ಬಿಗೆ ಗೊತ್ತುಮಾಡುವ ಬೆಲೆಯು ಅಂತರರಾಷ್ಟ್ರೀಯ ಕಟ್ಟಳೆಯ ಮೇರೆಯನ್ನು ಮೀರಿದೆಯೇ ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆಗಳಲ್ಲಿ ಒಂದು. ಬೆಲೆಯನ್ನು ಅರಸನು ಗೊತ್ತುಮಾಡಬಹುದೇ, ಮಾಡಿದರೆ ಹೊರನಾಡಿನ ಸರಕಿನ ಗತಿಯೇನು, ವರ್ತಕರು ಕೂಟಕಟ್ಟಿ ಆ ಬೆಲೆಯನ್ನು ಕೆಡಿಸಿದರೆ ಮಾಡತಕ್ಕುದೇನು ಎಂಬ ಪ್ರಶ್ನೆಗಳನ್ನು ಕಲ್ಯಾಣದ ವ್ಯಾಖ್ಯಾನಕಾರನೂ ಎದುರಿಸಿದ್ದನು. ಅವನು ಈ ಪ್ರಶ್ನೆಗಳನ್ನು ಒಂದೇ ಎಡೆಯಲ್ಲಿ ಒಟ್ಟಾಗಿ ವಿಚಾರಿಸಿದನು. ನಮ್ಮ ಕಾಲದ ನ್ಯಾಯವು ಅವುಗಳನ್ನು ಬೇರೆಬೇರೆ ಪೀಠಗಳಿಗೆ ಹಂಚಿಕೊಟ್ಟಿದೆ. ಈ ಹಂಚಿಕೆಯಿಂದ ಏನು ಕಳೆದುಹೋಯಿತೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವು.

೧. ಮಿತಾಕ್ಷರೆಯ ಮರೆಯಾದ ಭಾಗ

ಮಿತಾಕ್ಷರೆಯ ಹೆಸರು ಇಂದು ಪ್ರಸಿದ್ಧವಾಗಿರುವುದು ದಾಯವಿಭಾಗದ ಸಲುವಾಗಿ. ೧೮೧೦ರಲ್ಲಿ ಕೋಲ್‌ಬ್ರೂಕನು ಆ ಪ್ರಕರಣವನ್ನು ಇಂಗ್ಲಿಷಿಗೆ ಪರಿವರ್ತಿಸಿದ ಮೇಲೆ ನ್ಯಾಯಾಲಯಗಳು ಅದನ್ನೇ ಪ್ರಮಾಣವೆಂದು ಹಿಡಿದವು. ಅವಿಭಕ್ತ ಕುಟುಂಬದ ಸ್ವತ್ತಿನ ವ್ಯಾಜ್ಯಗಳಲ್ಲಿ ಈ ಗ್ರಂಥದ ಹೆಸರನ್ನು ಕೇಳದ ವಕೀಲನಿಲ್ಲ. ಆದುದರಿಂದಲೇ ವ್ಯವಹಾರಾಧ್ಯಾಯದ ಉಳಿದ ಭಾಗಗಳು, ಅದರಲ್ಲಿಯೂ ಕ್ರಯವಿಕ್ರಯಗಳಿಗೆ ಸಂಬಂಧಿಸಿದವು, ಪಂಡಿತರ ಓದಿಗೆ ಮಾತ್ರ ಉಳಿದುಬಂದವು. ಸಾಲದ ವಿಷಯ, ಒತ್ತೆ, ಸಾಕ್ಷಿ, ಕೂಲಿ, ಪಾಲುಗಾರಿಕೆ, ಸುಂಕ ಮೊದಲಾದುವೆಲ್ಲವೂ ಈ ಅಧ್ಯಾಯದಲ್ಲಿಯೇ ಬರುತ್ತವೆ.

ವ್ಯಾಪಾರದ ನಿಯಮಗಳು ಮುಖ್ಯವಾಗಿ ಎರಡು ಎಡೆಗಳಲ್ಲಿ ಇರುತ್ತವೆ. ಒಂದು ಸಾಹಸಪ್ರಕರಣದ ಕೊನೆಯ ಭಾಗ. ಇನ್ನೊಂದು ‘ಸಂಭೂಯಸಮುತ್ಥಾನ’, ಎಂದರೆ ಹಲವರು ಬಂಡವಾಳವನ್ನು ಕೂಡಿಸಿ ಮಾಡುವ ವ್ಯಾಪಾರದ ಪ್ರಕರಣ. ಮೊದಲನೆಯದರ ಸ್ಥಾನವು ಗಮನಾರ್ಹವಾದುದು. ಸಾಹಸವೆಂದರೆ ಬಲಾತ್ಕಾರದಿಂದ ಮಾಡುವ ಅಪರಾಧ. ಇದರ ಪ್ರಸಂಗದಲ್ಲಿಯೇ ಕಳ್ಳತೂಕ, ಕಳ್ಳನಾಣ್ಯ, ಕಲಬೆರಕೆಗಳನ್ನು ಹೇಳಿ, ಅವುಗಳನ್ನನುಸರಿಸಿ ವರ್ತಕರ ಕೂಟವನ್ನು ಹೇಳಿದೆ. ಬೆಲೆಯನ್ನು ಕಟ್ಟಿಹಾಕುವ ಒಳಒಪ್ಪಂದವನ್ನು ಶಾಸ್ತ್ರಕಾರರು ಬಲಾತ್ಕಾರಕ್ಕೆ ನೆರೆಯದಾದ ಅಪರಾಧವೆಂದೆಣಿಸಿದರೆಂಬುದು ಇದರಿಂದ ತಿಳಿದುಬರುತ್ತದೆ.

೨. ಐದು ಶ್ಲೋಕಗಳ ಕ್ರಮ

ಸಾಹಸಪ್ರಕರಣದ ಕೊನೆಯಲ್ಲಿ ಒಂದರ ಹಿಂದೊಂದಾಗಿ ಬರುವ ಐದು ಶ್ಲೋಕಗಳ ತಾತ್ಪರ್ಯವನ್ನು ನಮ್ಮ ಮಾತಿನಲ್ಲಿ ಹೇಳುವೆವು.

ಮೊದಲನೆಯದು: ಗೊತ್ತಾದ ಬೆಲೆಯ ಏರಿಳಿತವನ್ನು ಅರಿತಿದ್ದೂ ವರ್ತಕರು ಒಟ್ಟುಗೂಡಿ, ಕುಶಲಕರ್ಮಿಗಳಿಗೂ ಶಿಲ್ಪಿಗಳಿಗೂ ಬಾಧೆಯಾಗುವಂತೆ ಬೇರೆ ಬೆಲೆಯನ್ನು ಕಟ್ಟಿದರೆ ಅವರಿಗೆ ಉತ್ತಮಸಾಹಸದ ದಂಡ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಇದು ೧೦೮೦ ಪಣಗಳು. ದಂಡಗಳಲ್ಲೆಲ್ಲ ಮೇಲಿನ ತರಗತಿಯದು.

ಎರಡನೆಯದು: ವರ್ತಕರು ಒಟ್ಟುಗೂಡಿ ಸರಕನ್ನು ಸಲ್ಲದ ಬೆಲೆಯಿಂದ ತಡೆದರೂ, ಅಥವಾ ಮಾರಿದರೂ, ಅದೇ ದಂಡ. ಮೂಲದಲ್ಲಿ ಇಲ್ಲಿ ‘ಪಣ್ಯ’ ಎಂಬ ಮಾತಷ್ಟೇ ಇದೆ. ಅದು ದೇಶಾಂತರದಿಂದ ಬಂದ ಪಣ್ಯವೆಂದು ವಿಜ್ಞಾನೇಶ್ವರನು ಬಿಡಿಸಿ ಹೇಳುತ್ತಾನೆ. ಹೊರನಾಡಿನ ವರ್ತಕನು ಹೇರನ್ನಿಳಿಸಿದಾಗ ಊರಿನ ವರ್ತಕರು ಒಂದಾಗಿ ಕೀಳುಬೆಲೆಗೆ ಕೇಳಿ, ಅವನ ಸರಕು ಮುಂದೆ ಸಾಗದಂತೆ ಅಡ್ಡಗಟ್ಟುವುದು ಒಂದು ಬಗೆ. ಹಾಗೆ ಕೊಂಡುದನ್ನು ಹೆಚ್ಚು ಬೆಲೆಗೆ ಮಾರುವುದು ಇನ್ನೊಂದು ಬಗೆ. ಎರಡೂ ಒಂದೇ ಅಪರಾಧದ ಎರಡು ಮುಖಗಳು.

ಮೂರನೆಯದು: ಅರಸನು ಗೊತ್ತುಮಾಡಿದ ಬೆಲೆಯಿಂದಲೇ ಪ್ರತಿದಿನವೂ ಕ್ರಯವಿಕ್ರಯಗಳು ನಡೆಯತಕ್ಕುವು, ಅದರಿಂದ ಮಿಗುವುದೇ ವರ್ತಕರಿಗೆ ನ್ಯಾಯವಾದ ಲಾಭವು.

ನಾಲ್ಕನೆಯದು: ಕೊಂಡ ಕೂಡಲೆ ಮಾರುವವನು ಸ್ವದೇಶದ ಸರಕಿನ ಮೇಲೆ ನೂರಕ್ಕೆ ಐದರಂತೆಯೂ ಪರದೇಶದ ಸರಕಿನ ಮೇಲೆ ನೂರಕ್ಕೆ ಹತ್ತರಂತೆಯೂ ಲಾಭವನ್ನು ತೆಗೆದುಕೊಳ್ಳಬಹುದು. ತಡೆದು ಮಾರುವವನಿಗೆ ಕಾಲಕ್ಕೆ ತಕ್ಕಂತೆ ಲಾಭವೂ ಹೆಚ್ಚುವುದೆಂದು ವ್ಯಾಖ್ಯಾನವು.

ಐದನೆಯದು: ಸರಕಿನ ಮೇಲಾದ ವೆಚ್ಚವನ್ನು ಅಸಲಿಗೆ ಸೇರಿಸಿ, ಕೊಳ್ಳುವವನಿಗೂ ಮಾರುವವನಿಗೂ ಅನುಕೂಲವಾಗುವಂತೆ ಬೆಲೆಯನ್ನು ಕಟ್ಟತಕ್ಕುದು. ಹೊರನಾಡಿಗೆ ಹೋದ ವೆಚ್ಚ, ಮರಳಿ ಬಂದ ವೆಚ್ಚ, ಸುಂಕದ ಕಟ್ಟೆಗಳಲ್ಲಿ ಕೊಟ್ಟ ಹಣ ಇವುಗಳನ್ನೆಲ್ಲ ಎಣಿಸಿ, ಅದರ ಮೇಲೆ ನೂರಕ್ಕೆ ಹತ್ತು ಉಳಿಯುವಂತೆ ಮಾಡಬೇಕೆಂದು ವಿಜ್ಞಾನೇಶ್ವರನು ವಿವರಿಸುತ್ತಾನೆ.

ಈ ವಿಧಿಗಳು ಹೊಸವಲ್ಲ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿಯೂ ಐದು ಹತ್ತುಗಳ ಲಾಭವೂ, ಕೂಟಕಟ್ಟಿ ಸರಕನ್ನು ತಡೆಯುವ ವರ್ತಕರಿಗೆ ಸಾವಿರ ಪಣಗಳ ದಂಡವೂ ಕಾಣಬರುತ್ತವೆ. ಇಲ್ಲಿ ಗಮನಿಸಬೇಕಾದುದು ಶ್ಲೋಕಗಳ ಕ್ರಮ. ಊರಿನ ಕೂಟ, ಪರದೇಶದ ಸರಕಿನ ಮೇಲಿನ ಕೂಟ, ಅರಸನ ಬೆಲೆ, ಸ್ವದೇಶ ಪರದೇಶಗಳ ಲಾಭ, ವೆಚ್ಚದ ಎಣಿಕೆ: ಇವೈದೂ ಒಂದೇ ಸರದ ಮಣಿಗಳಂತೆ ಪೋಣಿಸಲ್ಪಟ್ಟಿವೆ. ಬೆಲೆಯನ್ನು ಗೊತ್ತುಮಾಡುವ ಅಧಿಕಾರವು ಕೂಟದ ಭಯವನ್ನು ಹೇಳಿದ ಮೇಲೆಯೇ ಬರುತ್ತದೆ. ಪರದೇಶದ ಸರಕಿಗೆ ಹೆಚ್ಚು ಲಾಭವನ್ನು ಕೊಟ್ಟಿರುವುದರಿಂದ, ಹೊರಗಿನದನ್ನು ತಡೆಯುವುದಕ್ಕಿಂತ ಬರಮಾಡಿಕೊಳ್ಳುವುದರ ಕಡೆಗೇ ಶಾಸ್ತ್ರದ ಒಲವಿದ್ದಿತೆಂದು ಊಹಿಸಬಹುದು.

ಸಂಭೂಯಸಮುತ್ಥಾನ ಪ್ರಕರಣದಲ್ಲಿ ಸುಂಕದ ವಿಧಿಗಳಿವೆ. ಬೆಲೆಯನ್ನು ಗೊತ್ತುಮಾಡಿಕೊಡುವ ಕಾರಣದಿಂದ ಅರಸನು ಇಪ್ಪತ್ತರಲ್ಲಿ ಒಂದು ಪಾಲನ್ನು ಸುಂಕವಾಗಿ ತೆಗೆದುಕೊಳ್ಳತಕ್ಕುದು. ಅಳತೆಯನ್ನು ಸುಳ್ಳು ಹೇಳಿದವನೂ ಸುಂಕದ ಕಟ್ಟೆಯನ್ನು ತಪ್ಪಿಸಿ ಹೋದವನೂ ಎಂಟರಷ್ಟು ತೆರತಕ್ಕುದು. ಹೊರಗೆ ಮಾರಕೂಡದೆಂದು ಅರಸನು ತಡೆದ ಸರಕನ್ನು ಮಾರಿದರೆ ಅದು ಅರಸನ ಪಾಲಾಗುವುದು. ಸುಂಕವು ಅರಸನು ಮಾಡುವ ಕೆಲಸಕ್ಕೆ ಪ್ರತಿಫಲವೆಂಬ ಭಾವವು ಇಲ್ಲಿ ಸ್ಪಷ್ಟವಾಗಿದೆ. ಕೂಟವನ್ನು ಮುರಿದು ಬೆಲೆಯನ್ನು ನಿಲ್ಲಿಸದ ಅರಸನಿಗೆ ಸುಂಕದ ಹಕ್ಕಾದರೂ ಎಲ್ಲಿಯದು ಎಂಬ ತರ್ಕವು ಇದರ ಹಿಂದೆ ಅಡಗಿದೆಯೆಂದು ತೋರುತ್ತದೆ.

೩. ಐನೂರ್ವರ ಸಮಯ

ಇವೆಲ್ಲವೂ ಗ್ರಂಥದ ಮಾತು. ನಡೆದುದು ಹೀಗೆಯೇ ಎಂದು ಹೇಳಲು ಗ್ರಂಥವೊಂದೇ ಸಾಲದು. ಆ ಕಾಲದ ವ್ಯಾಪಾರವನ್ನು ತಿಳಿಯಲು ಶಾಸನಗಳೇ ಶರಣು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ವೀರಬಣಂಜುಗಳು ಎಂಬ ಹೆಸರುಗಳಿಂದ ಕರೆದುಕೊಂಡ ವರ್ತಕರ ಮಹಾಸಂಘವು ಕನ್ನಡನಾಡಿನಲ್ಲೆಲ್ಲ ಹರಡಿತ್ತು. ೧೦೮೮ರಲ್ಲಿ, ವಿಕ್ರಮಾದಿತ್ಯನು ಕಲ್ಯಾಣದಲ್ಲಿ ಆಳುತ್ತಿರುವಾಗಲೇ, ಸುಮಾತ್ರಾ ದ್ವೀಪದ ಬಾರೂಸ್ ಎಂಬಲ್ಲಿ ಐನೂರ್ವರ ಹೆಸರುಳ್ಳ ತಮಿಳು ಶಾಸನವೊಂದು ಹುಟ್ಟಿತೆಂದರೆ ಇವರ ಹರವನ್ನು ಊಹಿಸಬಹುದು. ೧೨೦೪ರ ಬೆಳಗಾವಿಯ ರಟ್ಟರ ಶಾಸನದಲ್ಲಿ ಊರಿನ ವರ್ತಕರೊಡನೆ ಲಾಟದೇಶದ ಮತ್ತು ಮಲೆಯಾಳದ ವರ್ತಕರೂ ಕೂಡಿ ಧರ್ಮಕಾರ್ಯಕ್ಕೆ ಆಯವನ್ನು ಬಿಟ್ಟುದು ಹೇಳಲ್ಪಟ್ಟಿದೆ. ಪರದೇಶದ ವರ್ತಕನು ಪೇಟೆಯಲ್ಲಿ ಒಬ್ಬ ಗೃಹಸ್ಥನಾಗಿಯೇ ಇದ್ದನು.

ಹೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳೂ, ಇವುಗಳನ್ನು ವಹಿಸಿಕೊಂಡ ಸುಂಕವೆರ್ಗಡೆಗಳೂ ಚಾಲುಕ್ಯರ ಶಾಸನಗಳಲ್ಲಿ ಮೇಲಿಂದಮೇಲೆ ಬರುತ್ತವೆ. ಅರಸನ ಸುಂಕ ಒಂದು ಕಡೆ. ಸಂಘವು ತನ್ನ ಸಮಯದಂತೆ ಹೇರಿಗಿಷ್ಟೆಂದು ತಾನೇ ಹಾಕಿಕೊಂಡ ಆಯ ಇನ್ನೊಂದು ಕಡೆ. ‘ಸಮಯ’ವೆಂದರೆ ಇಲ್ಲಿ ಒಡಂಬಡಿಕೆಯಿಂದ ಹುಟ್ಟಿದ ಕಟ್ಟಳೆ. ಇಂಥ ಸಾಮಯಿಕ ಧರ್ಮವು ತನ್ನ ನಿಜಧರ್ಮಕ್ಕೆ ವಿರೋಧವಾಗದಿದ್ದರೆ ಅದನ್ನು ಅರಸನು ಕಾಪಾಡಬೇಕೆಂದೂ, ಶ್ರೇಣಿಗಳ ಮತ್ತು ನೈಗಮರ ಹಿಂದಿನಿಂದ ಬಂದ ನಡವಳಿಕೆಯನ್ನು ಪಾಲಿಸಬೇಕೆಂದೂ ಯಾಜ್ಞವಲ್ಕ್ಯನು ಹೇಳುತ್ತಾನೆ. ಹೀಗಿರಲು ವರ್ತಕರ ಸಂಘವು ಶಾಸ್ತ್ರದ ಕಣ್ಣಿನಲ್ಲಿ ಅಪರಾಧಿಯಲ್ಲ, ಗೌರವಾರ್ಹವಾದ ಸಂಸ್ಥೆ. ಅಪರಾಧವಾದುದು ಆ ಸಂಘಬಲವನ್ನು ಶಿಲ್ಪಿಗಳ ಮೇಲೆ, ಹೊರಗಿನಿಂದ ಬಂದ ವರ್ತಕನ ಮೇಲೆ, ಕೊಳ್ಳುವ ಜನರ ಮೇಲೆ ತಿರುಗಿಸುವುದು. ಸಂಘಕ್ಕೂ ಕೂಟಕ್ಕೂ ಇರುವ ಈ ಭೇದವನ್ನು ಮರೆಯಲಾಗದು.

೪. ನೂರಕ್ಕೆ ಐದು: ೧೮೦೨ರ ಒಪ್ಪಂದ

ಕಲ್ಯಾಣದ ವೈಭವವು ಅಳಿದು ಶತಮಾನಗಳು ಕಳೆದ ಮೇಲೆ ಈ ಸೀಮೆಯು ಹೈದರಾಬಾದ ಸಂಸ್ಥಾನಕ್ಕೆ ಸೇರಿತು. ೧೮೦೨ರಲ್ಲಿ ನಿಜಾಮ ಅಲಿ ಖಾನನಿಗೂ ಈಸ್ಟ್ ಇಂಡಿಯಾ ಕಂಪೆನಿಗೂ ವ್ಯಾಪಾರದ ಒಪ್ಪಂದವೊಂದಾಯಿತು. ಕಂಪೆನಿಯ ಪ್ರಾಂತಗಳಿಂದ ಬರುವ ಸರಕಿನ ಮೇಲೆ ಬೆಲೆಯ ನೂರಕ್ಕೆ ಐದಕ್ಕಿಂತ ಹೆಚ್ಚಿನ ಸುಂಕವನ್ನು ಹಾಕಕೂಡದೆಂಬುದು ಅದರ ಮುಖ್ಯ ಕಟ್ಟಳೆ. ನೂರಕ್ಕೆ ಐದೆಂದರೆ ಇಪ್ಪತ್ತರಲ್ಲಿ ಒಂದು. ಮಿತಾಕ್ಷರೆಯ ಸುಂಕವೂ ಅಷ್ಟೇ. ಈ ಸಾಮ್ಯವು ಕಾಕತಾಳೀಯವಾದುದೇ ಹೊರತು ಸ್ಮೃತಿಯಿಂದ ಒಪ್ಪಂದಕ್ಕೆ ಇಳಿದುಬಂದುದೆಂದು ಹೇಳಲು ಆಧಾರವಿಲ್ಲ. ಆದರೆ ಸಾಮ್ಯಕ್ಕಿಂತಲೂ ಭೇದವು ಹೆಚ್ಚು ಬೋಧಪ್ರದವಾಗಿದೆ. ಮಿತಾಕ್ಷರೆಯಲ್ಲಿ ಅದು ಅರಸನು ತನ್ನ ಕೆಲಸಕ್ಕಾಗಿ ಪಡೆಯುವ ಪಾಲು. ೧೮೦೨ರಲ್ಲಿ ಅದು ಹೊರಗಿನ ಬಲಶಾಲಿಯೊಬ್ಬನು ಅರಸನ ಕೈಗೆ ಹಾಕಿದ ಮೇರೆ. ಅಂತರರಾಷ್ಟ್ರೀಯ ವ್ಯಾಪಾರನ್ಯಾಯದ ಮೂಲಲಕ್ಷಣವು ಈ ಸೀಮೆಗೆ ಹೀಗೆ ಮೊದಲಬಾರಿಗೆ ಪರಿಚಿತವಾಯಿತೆನ್ನಬಹುದು.

ಈ ಮೇರೆಯು ಮುಂದಿನ ಕಾಲದಲ್ಲಿ ಭಾರವಾಯಿತು. ಸಂಸ್ಥಾನದಲ್ಲಿ ‘ಕರೋಡಗಿರಿ’ ಎಂದು ಕರೆಯಲ್ಪಡುತ್ತಿದ್ದ ಸುಂಕದ ಇಲಾಖೆಯು ಗಡಿಯಲ್ಲಿ ನಾಕೆಗಳನ್ನಿಟ್ಟು ಸುಂಕವನ್ನು ವಸೂಲುಮಾಡುತ್ತಿತ್ತು. ಸಂಸ್ಥಾನಕ್ಕೆ ತನ್ನದಾದ ಬಂದರು ಇರಲಿಲ್ಲ. ಹೊರದೇಶದ ಸರಕು ಬ್ರಿಟಿಷ್ ಬಂದರಿನಲ್ಲಿ ಒಮ್ಮೆ ಸುಂಕವನ್ನು ತೆತ್ತು, ಸಂಸ್ಥಾನದ ಗಡಿಯಲ್ಲಿ ಮತ್ತೊಮ್ಮೆ ತೆರುತ್ತಿತ್ತು. ಮೊದಲನೆಯ ಸುಂಕದ ಹಣವು ಬ್ರಿಟಿಷ್ ಬೊಕ್ಕಸಕ್ಕೆ ಸೇರುತ್ತಿತ್ತು, ಎರಡರ ಭಾರವೂ ಇಲ್ಲಿಯ ರೈತನ ಮೇಲೆ ಬೀಳುತ್ತಿತ್ತು. ೧೯೩೨ರಲ್ಲಿ ಬ್ರಿಟಿಷ್ ಭಾರತವು ಸಕ್ಕರೆಯ ಉದ್ಯಮಕ್ಕೆ ರಕ್ಷಣೆಯನ್ನು ಕೊಡುವ ಶಾಸನವನ್ನು ಮಾಡಿ ಜಾವಾದ ಸಕ್ಕರೆಗೆ ಅಡ್ಡವಾಗಿ ಸುಂಕದ ಗೋಡೆಯನ್ನೆಬ್ಬಿಸಿತು. ಆ ಗೋಡೆಯ ಮರೆಯಲ್ಲಿ ಭಾರತದಲ್ಲೆಲ್ಲ ಕಾರ್ಖಾನೆಗಳು ಹುಟ್ಟಿದವು. ಹೈದರಾಬಾದ ಸಂಸ್ಥಾನದ ಬೋಧನದಲ್ಲಿ ೧೯೩೭ರಲ್ಲಿ ಸ್ಥಾಪಿತವಾದ ನಿಜಾಮ ಸಕ್ಕರೆ ಕಾರ್ಖಾನೆಯೂ ಆ ಕಾಲದ್ದೇ.

೧೯೪೮ರಲ್ಲಿ ಸಂಸ್ಥಾನವು ಭಾರತದೊಡನೆ ಸೇರಿದ ಮೇಲೆಯೂ ಈ ನಾಕೆಗಳು ಒಂದೇ ದಿನದಲ್ಲಿ ಹೋಗಲಿಲ್ಲ. ೧೯೫೦ರ ಸಂವಿಧಾನವು ೩೦೧ನೆಯ ಅನುಚ್ಛೇದದಲ್ಲಿ ದೇಶದೊಳಗಿನ ವ್ಯಾಪಾರವು ಅನಿರ್ಬಂಧವೆಂದು ಸಾರಿದರೂ, ಹೈದರಾಬಾದಿನಂಥ ರಾಜ್ಯಗಳು ಕೆಲವು ಕಾಲ ತಮ್ಮ ಸುಂಕವನ್ನು ಉಳಿಸಿಕೊಳ್ಳಬಹುದೆಂದು ೩೦೬ನೆಯ ಅನುಚ್ಛೇದದಲ್ಲಿ ಎಡೆಗೊಟ್ಟಿತ್ತು. ೧೯೫೬ರ ಏಳನೆಯ ತಿದ್ದುಪಡಿಯಿಂದ ಆ ಅನುಚ್ಛೇದವು ರದ್ದಾಯಿತು. ಬೀದರವು ಮೈಸೂರು ರಾಜ್ಯಕ್ಕೆ ಸೇರಿದುದೂ ಅದೇ ವರ್ಷ.

೫. ಎರಡಾಗಿ ಸೀಳಿದ ನ್ಯಾಯ

ಎರಡನೆಯ ಮಹಾಯುದ್ಧದ ಅನಂತರ ರಾಷ್ಟ್ರಗಳು ವ್ಯಾಪಾರಕ್ಕೆ ಸಾಮಾನ್ಯವಾದ ಕಟ್ಟಳೆಯನ್ನು ರಚಿಸಲು ತೊಡಗಿದವು. ೧೯೪೭ರ ಅಕ್ಟೋಬರ್ ೩೦ರಂದು ಜಿನೀವಾದಲ್ಲಿ ೨೩ ರಾಷ್ಟ್ರಗಳು ಸುಂಕ ಮತ್ತು ವ್ಯಾಪಾರಗಳ ಸಾಮಾನ್ಯ ಒಪ್ಪಂದಕ್ಕೆ ಸಮ್ಮತಿಸಿದವು. ಭಾರತವೂ ಅವುಗಳಲ್ಲಿ ಒಂದಾಗಿತ್ತು. ೧೯೪೮ರ ಹವಾನಾ ಸನ್ನದು ಇದಕ್ಕಿಂತಲೂ ವಿಸ್ತಾರವಾದುದು. ಅದರ ಐದನೆಯ ಅಧ್ಯಾಯವು ವರ್ತಕರ ಕೂಟಗಳಿಗೇ ಮೀಸಲಾಗಿತ್ತು: ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಸ್ಪರ್ಧೆಯನ್ನು ಕಟ್ಟಿಹಾಕುವ ಒಳಒಪ್ಪಂದಗಳನ್ನು ತಡೆಯುವುದು ಆಯಾ ರಾಷ್ಟ್ರದ ಕರ್ತವ್ಯವೆಂದು ಅದರಲ್ಲಿ ವಿಧಿಸಿತ್ತು. ಎಂದರೆ ಸರ್ಕಾರಗಳ ಸುಂಕವೂ ವರ್ತಕರ ಕೂಟವೂ ಒಂದೇ ಸನ್ನದಿನೊಳಗೆ ಬಂದಿದ್ದವು. ಮಿತಾಕ್ಷರೆಯ ಐದು ಶ್ಲೋಕಗಳ ಕ್ರಮವನ್ನು ಇದು ನೆನಪಿಗೆ ತರುತ್ತದೆ.

ಆ ಸನ್ನದು ಜಾರಿಗೆ ಬರಲೇ ಇಲ್ಲ. ಉಳಿದುದು ೧೯೪೭ರ ಒಪ್ಪಂದವೊಂದೇ. ಅದು ಸರ್ಕಾರಗಳನ್ನು ಕಟ್ಟುತ್ತದೆ, ವರ್ತಕರನ್ನು ಮುಟ್ಟುವುದಿಲ್ಲ. ೧೯೯೫ರ ಜನವರಿ ೧ರಂದು ವಿಶ್ವ ವ್ಯಾಪಾರ ಸಂಸ್ಥೆಯು ಹುಟ್ಟಿದಾಗಲೂ ಈ ಭೇದವು ಉಳಿಯಿತು. ೧೯೯೬ರಲ್ಲಿ ಸಿಂಗಪುರದ ಮಂತ್ರಿಗಳ ಸಭೆಯು ವ್ಯಾಪಾರ ಮತ್ತು ಸ್ಪರ್ಧೆಗಳ ಸಂಬಂಧವನ್ನು ವಿಚಾರಿಸಲು ಒಂದು ಉಪಸಮಿತಿಯನ್ನು ನಿಯಮಿಸಿತು. ಶ್ರೀಮಂತ ದೇಶಗಳ ಕಂಪೆನಿಗಳಿಗೆ ಇದರಿಂದ ಬಾಗಿಲು ತೆರೆಯುವುದೆಂಬ ಶಂಕೆಯಿಂದ ಭಾರತವೂ ಇತರ ಅನೇಕ ದೇಶಗಳೂ ವಿರೋಧಿಸಿದವು. ೨೦೦೪ರಲ್ಲಿ ಆ ವಿಷಯವನ್ನು ಮಾತುಕತೆಯಿಂದ ಕೈಬಿಡಲಾಯಿತು.

ಇದರ ಫಲವಾಗಿ ಕೂಟಗಳ ನಿಯಂತ್ರಣವು ಆಯಾ ದೇಶದ ಶಾಸನಕ್ಕೇ ಉಳಿಯಿತು. ಭಾರತದಲ್ಲಿ ೧೯೬೯ರ ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಅಧಿನಿಯಮವೂ, ಅನಂತರ ೨೦೦೨ರ ಸ್ಪರ್ಧಾ ಅಧಿನಿಯಮವೂ ಈ ಕೆಲಸವನ್ನು ವಹಿಸಿಕೊಂಡವು. ಎರಡನೆಯದರ ೩ನೆಯ ಪ್ರಕರಣವು ಸ್ಪರ್ಧೆಗೆ ಕೇಡುಮಾಡುವ ಒಪ್ಪಂದಗಳನ್ನು ನಿಷೇಧಿಸುತ್ತದೆ. ಆದರೆ ಕೇವಲ ರಫ್ತಿಗೆ ಸಂಬಂಧಿಸಿದ ಒಪ್ಪಂದವನ್ನು ಅದೇ ಪ್ರಕರಣವು ಹೊರಗಿಡುತ್ತದೆ. ನಮ್ಮ ವರ್ತಕರು ಪರದೇಶದವರ ವಿರುದ್ಧ ಕೂಟಕಟ್ಟಿದರೆ ನಮ್ಮ ಶಾಸನವು ಕೇಳುವುದಿಲ್ಲವೆಂದು ಇದರ ಅರ್ಥ. ಅಮೆರಿಕವೂ ೧೯೧೮ರಿಂದಲೇ ತನ್ನ ರಫ್ತಿನ ಕೂಟಗಳಿಗೆ ಇಂಥದೇ ವಿನಾಯಿತಿಯನ್ನು ಕೊಟ್ಟಿತ್ತು. ಪರದೇಶದ ಸರಕನ್ನು ಕೂಟಕಟ್ಟಿ ತಡೆದ ಸ್ವದೇಶದ ವರ್ತಕನಿಗೆ ಅತ್ಯುಚ್ಚ ದಂಡವನ್ನು ವಿಧಿಸಿದ ಮಿತಾಕ್ಷರೆಯ ಪಕ್ಕದಲ್ಲಿ ಈ ವಿನಾಯಿತಿಗಳನ್ನಿಟ್ಟು ನೋಡತಕ್ಕುದು.

೬. ಸೋಡಾ ಆಷ್‌ನ ವ್ಯಾಜ್ಯ

ಈ ಸೀಳಿನ ನಡುವೆ ವ್ಯಾಜ್ಯವೊಂದು ಹೇಗೆ ಸಿಕ್ಕಿಕೊಳ್ಳುವುದೆಂಬುದಕ್ಕೆ ಭಾರತದ ಸರ್ವೋಚ್ಚ ನ್ಯಾಯಾಲಯದ ೨೦೦೨ರ ಒಂದು ತೀರ್ಪು ನಿದರ್ಶನವಾಗಿದೆ. ಗಾಜು, ಸಾಬೂನುಗಳ ತಯಾರಿಕೆಗೆ ಬೇಕಾದ ಸೋಡಾ ಆಷನ್ನು ಅಮೆರಿಕದ ಉತ್ಪಾದಕರು ಒಟ್ಟುಗೂಡಿ ಒಂದೇ ಸಂಘದ ಮೂಲಕ ಹೊರದೇಶಗಳಿಗೆ ಮಾರುತ್ತಿದ್ದರು. ಈ ಕೂಟವು ಅತಿ ಕೀಳು ಬೆಲೆಗೆ ಮಾರಿ ತಮ್ಮನ್ನು ಹಾಳುಮಾಡುವುದೆಂದು ಭಾರತದ ಉತ್ಪಾದಕರು ೧೯೬೯ರ ಅಧಿನಿಯಮದ ಆಯೋಗಕ್ಕೆ ದೂರಿತ್ತರು. ಆಯೋಗವು ಸರಕಿನ ಆಮದಿಗೆ ತಡೆಯಾಜ್ಞೆಯನ್ನು ಕೊಟ್ಟಿತು. ಇಂಡೊನೇಷ್ಯದ ಗಾಜಿನ ವಿಷಯವಾಗಿಯೂ ಅಂಥದೇ ವ್ಯಾಜ್ಯವೊಂದಿದ್ದು, ಸರ್ವೋಚ್ಚ ನ್ಯಾಯಾಲಯವು ಎರಡನ್ನೂ ಕೂಡಿಸಿ ವಿಚಾರಿಸಿತು.

ನ್ಯಾಯಾಲಯವು ಆಯೋಗದ ಆಜ್ಞೆಗಳನ್ನು ರದ್ದುಮಾಡಿತು. ಆಮದನ್ನು ತಡೆಯುವ ಅಧಿಕಾರವು ಆಯೋಗಕ್ಕಿಲ್ಲವೆಂದೂ, ಕೀಳುಬೆಲೆಯ ಆಮದಿಗೆ ಸುಂಕದ ಶಾಸನದಲ್ಲಿ ಬೇರೆ ಪರಿಹಾರವಿದೆಯೆಂದೂ, ಅಗ್ಗದ ಸರಕಿನಿಂದ ಕೊಳ್ಳುವವರಿಗೆ ಅನುಕೂಲವೆಂಬುದನ್ನು ಕಡೆಗಣಿಸಲಾಗದೆಂದೂ ಅದು ಅಭಿಪ್ರಾಯಪಟ್ಟಿತು. ಆದರೆ ಹೊರದೇಶದಲ್ಲಾದ ಒಪ್ಪಂದದಿಂದ ಭಾರತದೊಳಗೆ ನಿರ್ಬಂಧಕ ಪರಿಣಾಮವುಂಟಾದರೆ ಆಯೋಗವು ವಿಚಾರಿಸಬಹುದೆಂಬ ತತ್ತ್ವವನ್ನು ತಳ್ಳಿಹಾಕಲಿಲ್ಲ. ಆ ತತ್ತ್ವವೇ ೨೦೦೨ರ ಸ್ಪರ್ಧಾ ಅಧಿನಿಯಮದ ೩೨ನೆಯ ಪ್ರಕರಣದಲ್ಲಿ ಸ್ಪಷ್ಟವಾದ ಮಾತುಗಳಲ್ಲಿ ಸೇರಿದೆ.

ಇಲ್ಲಿ ಎರಡು ಹಿತಗಳು ಎದುರುಬದುರಾಗಿ ನಿಂತಿದ್ದವು: ಅಗ್ಗದ ಸರಕನ್ನು ಬಯಸುವ ಗಾಜಿನ ಕೆಲಸದವನ ಹಿತ ಒಂದು, ಕೂಟದ ಮುಂದೆ ನಿಲ್ಲಲಾರದ ಸ್ವದೇಶದ ಉತ್ಪಾದಕನ ಹಿತ ಇನ್ನೊಂದು. ಸುಂಕದ ಶಾಸನದ ಅಧಿಕಾರಿಯು ಬೆಲೆಯನ್ನು ಅಳೆಯುತ್ತಾನೆ, ಕೂಟವನ್ನು ಕೇಳುವುದಿಲ್ಲ. ಸ್ಪರ್ಧೆಯ ಶಾಸನದ ಅಧಿಕಾರಿಯು ಕೂಟವನ್ನು ಕೇಳುತ್ತಾನೆ, ಗಡಿಯಲ್ಲಿ ಸರಕನ್ನು ತಡೆಯಲಾರನು.

೭. ಕಬ್ಬಿನ ಬೆಲೆಯ ವಿಚಾರ

ಈಗ ಹಳ್ಳಿಖೇಡದ ಗದ್ದೆಗೆ ಬರೋಣ. ಕಬ್ಬು ಕಡಿದ ಮೇಲೆ ಕಾಯುವ ಬೆಳೆಯಲ್ಲ; ದಿನ ಕಳೆದಂತೆ ಅದರ ಸಕ್ಕರೆಯು ಇಳಿಯುತ್ತದೆ, ತೂಕವೂ ಕುಂದುತ್ತದೆ. ಆದುದರಿಂದ ರೈತನು ಹತ್ತಿರದ ಕಾರ್ಖಾನೆಯನ್ನು ಬಿಟ್ಟು ದೂರ ಹೋಗಲಾರನು. ಶಾಸನವು ಈ ಸ್ವಾಭಾವಿಕ ಬಂಧನವನ್ನು ಇನ್ನಷ್ಟು ಬಿಗಿಮಾಡಿದೆ. ೧೯೬೬ರ ಕಬ್ಬು ನಿಯಂತ್ರಣ ಆದೇಶದಂತೆ ಒಂದೊಂದು ಕಾರ್ಖಾನೆಗೆ ಒಂದೊಂದು ಪ್ರದೇಶದ ಕಬ್ಬನ್ನು ಮೀಸಲಿಡಬಹುದು. ೨೦೦೬ರ ತಿದ್ದುಪಡಿಯಂತೆ ಇರುವ ಕಾರ್ಖಾನೆಯಿಂದ ೧೫ ಕಿಲೋಮೀಟರ್ ಒಳಗೆ ಹೊಸ ಕಾರ್ಖಾನೆಯನ್ನು ಕಟ್ಟಕೂಡದು. ಮಾರುವವರು ಸಾವಿರಾರು ಮಂದಿ, ಕೊಳ್ಳುವವನು ಒಬ್ಬನೇ. ಇಲ್ಲಿ ವರ್ತಕರು ಕೂಟಕಟ್ಟುವ ಅಗತ್ಯವೇ ಇಲ್ಲ. ಕೂಟದಿಂದ ದೊರೆಯುವ ಬಲವನ್ನು ದೂರವೂ ಶಾಸನವೂ ಸೇರಿ ತಾವಾಗಿಯೇ ಒದಗಿಸಿವೆ. ಸಹಕಾರಿ ಕಾರ್ಖಾನೆಗಳ ಹುಟ್ಟಿಗೆ ಒಂದು ಕಾರಣವೂ ಇದೇ: ಕೊಳ್ಳುವವನು ಒಬ್ಬನೇ ಆದರೆ ಆ ಒಬ್ಬನು ಬೆಳೆಗಾರರ ಸಂಘವೇ ಆಗಲಿ ಎಂಬ ಆ ವಿಚಾರದಲ್ಲಿ ಹಳೆಯ ಶ್ರೇಣಿಯ ಛಾಯೆಯಿದೆ.

ಈ ಬಲಕ್ಕೆ ಪ್ರತಿಯಾಗಿ ಅದೇ ಆದೇಶದಲ್ಲಿ ಕೇಂದ್ರ ಸರ್ಕಾರವು ಕಬ್ಬಿನ ಕನಿಷ್ಠ ಬೆಲೆಯನ್ನು ಗೊತ್ತುಮಾಡುತ್ತದೆ. ೨೦೦೯-೧೦ರಿಂದ ಇದಕ್ಕೆ ‘ನ್ಯಾಯಯುತ ಮತ್ತು ಲಾಭದಾಯಕ ಬೆಲೆ’ ಎಂದು ಹೆಸರು. ೨೦೧೮-೧೯ನೆಯ ಹಂಗಾಮಿಗೆ ಅದು ಕ್ವಿಂಟಲಿಗೆ ೨೭೫ ರೂಪಾಯಿಗಳಾಗಿತ್ತು. ಕಬ್ಬನ್ನೊಪ್ಪಿಸಿದ ೧೪ ದಿನಗಳೊಳಗೆ ಹಣವನ್ನು ಕೊಡಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ ೧೫ರಂತೆ ಬಡ್ಡಿಯನ್ನು ಸೇರಿಸಿ ಕೊಡಬೇಕು. ಬಾಕಿಯ ಹಣಕ್ಕಾಗಿ ಬೆಳೆಗಾರರು ಬೀದಿಗಿಳಿದ ಪ್ರಸಂಗಗಳು ಕರ್ನಾಟಕದಲ್ಲಿ ಅಪರೂಪವಲ್ಲ.

ಜಿನೀವಾದ ವಿಚಾರಣಾಮಂಡಲಿಯ ಮುಂದೆ ಬಂದುದು ಈ ಬೆಲೆಯೇ. ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದದಂತೆ, ಒಂದು ಬೆಳೆಗೆ ಭಾರತವು ಕೊಡುವ ಬೆಂಬಲವು ಆ ಬೆಳೆಯ ಒಟ್ಟು ಮೌಲ್ಯದ ನೂರಕ್ಕೆ ೧೦ನ್ನು ಮೀರಕೂಡದು. ಬೆಂಬಲವನ್ನು ಅಳೆಯುವ ಕ್ರಮವು ವಿಚಿತ್ರವಾದುದು: ಸರ್ಕಾರವು ಇಂದು ಗೊತ್ತುಮಾಡಿದ ಬೆಲೆಯಿಂದ ೧೯೮೬ರಿಂದ ೧೯೮೮ರವರೆಗಿನ ಹೊರದೇಶದ ಬೆಲೆಯನ್ನು ಕಳೆದು, ಉಳಿದುದನ್ನು ಆ ಬೆಲೆಗೆ ಅರ್ಹವಾದ ಬೆಳೆಯ ಮೊತ್ತದಿಂದ ಗುಣಿಸತಕ್ಕುದು. ಹಣದ ಬೆಲೆ ಇಳಿದಂತೆಲ್ಲ ಬೆಂಬಲವು ಲೆಕ್ಕದಲ್ಲಿ ಏರುತ್ತ ಹೋಗುವುದು ಇದರಿಂದ ಅನಿವಾರ್ಯ. ಕಬ್ಬಿಗೆ ಹಣವನ್ನು ಕೊಡುವುದು ಕಾರ್ಖಾನೆಗಳೇ ಹೊರತು ಸರ್ಕಾರವಲ್ಲವಾದುದರಿಂದ ಇದು ಸರ್ಕಾರದ ಬೆಂಬಲವೇ ಅಲ್ಲವೆಂದು ಭಾರತವು ವಾದಿಸಿತು. ಬೆಲೆಯನ್ನು ಸರ್ಕಾರವು ಕಟ್ಟಿದರೆ ಸಾಕು, ಹಣವನ್ನು ಯಾರು ಕೊಟ್ಟರೂ ಅದು ಬೆಂಬಲವೇ ಎಂದು ಮಂಡಲಿಯು ನಿರ್ಣಯಿಸಿ, ೨೦೧೪-೧೫ರಿಂದ ೨೦೧೮-೧೯ರವರೆಗಿನ ಐದು ಹಂಗಾಮುಗಳಲ್ಲಿಯೂ ಭಾರತವು ಮೇರೆಯನ್ನು ಮೀರಿತೆಂದು ಹೇಳಿತು. ಸಕ್ಕರೆಯ ರಫ್ತಿಗೆ ಸಂಬಂಧಿಸಿದ ಕೆಲವು ಸಹಾಯಧನಗಳೂ ಒಪ್ಪಂದಕ್ಕೆ ವಿರುದ್ಧವೆಂದು ತೀರ್ಮಾನವಾಯಿತು. ೨೦೨೨ರ ಜನವರಿಯಲ್ಲಿ ಭಾರತವು ಮೇಲ್ಮನವಿಯನ್ನು ಸಲ್ಲಿಸಿತು. ಆದರೆ ೨೦೨೦ರ ಕೊನೆಗೇ ಮೇಲ್ಮನವಿಯ ಪೀಠದ ಎಲ್ಲ ಸ್ಥಾನಗಳೂ ಬರಿದಾಗಿದ್ದುದರಿಂದ ಅದನ್ನು ಕೇಳುವವರಿಲ್ಲದೆ ವರದಿಯು ಜಾರಿಗೆ ಬಾರದೆ ನಿಂತಿತು.

ಕೆಲವೇ ತಿಂಗಳುಗಳಲ್ಲಿ ಗಾಳಿಯು ಬೇರೆ ಕಡೆಗೆ ಬೀಸಿತು. ದೇಶದೊಳಗೆ ಸಕ್ಕರೆಯ ಬೆಲೆಯೇರುವ ಭಯದಿಂದ ೨೦೨೨ರ ಜೂನ್ ೧ರಿಂದ ಸರ್ಕಾರವು ರಫ್ತನ್ನು ನಿರ್ಬಂಧಿಸಿತು. ರಫ್ತಿಗೆ ಪ್ರೋತ್ಸಾಹವನ್ನಿತ್ತ ದೋಷಕ್ಕೆ ಒಳಗಾದ ದೇಶವೇ ರಫ್ತನ್ನು ತಡೆಯಿತು. ಅರಸನು ತಡೆದ ಸರಕನ್ನು ಹೊರಗೆ ಮಾರಬಾರದೆಂಬ ಮಿತಾಕ್ಷರೆಯ ವಿಧಿಯು ಹೆಸರನ್ನು ಬದಲಿಸಿಕೊಂಡು ಮರಳಿ ಬಂದಂತಾಯಿತು.

೮. ಉಪಸಂಹಾರ

ಮಂಡಲಿಯ ತೀರ್ಪನ್ನು ಅನ್ಯಾಯವೆಂದು ಹಳಿಯುವುದು ಸುಲಭ; ಆದರೆ ಅದು ಯುಕ್ತವಲ್ಲ. ಬ್ರೆಜಿಲಿನಲ್ಲಿಯೂ ಗ್ವಾಟೆಮಾಲಾದಲ್ಲಿಯೂ ಕಬ್ಬನ್ನು ಬೆಳೆದು ಬದುಕುವವರಿದ್ದಾರೆ. ಭಾರತದ ಸಕ್ಕರೆಯು ಸಹಾಯಧನದ ಬಲದಿಂದ ಪೇಟೆಗಿಳಿದಾಗ ಅವರ ಬೆಲೆ ಬೀಳುತ್ತದೆ. ತನ್ನ ಕೈಯಲ್ಲಿದ್ದ ಒಪ್ಪಂದದ ಮಾತಿನಂತೆ ಮಂಡಲಿಯು ನಡೆದುಕೊಂಡಿತು. ದೋಷವಿರುವುದು ಆ ಒಪ್ಪಂದವು ಕೇಳದೆ ಬಿಟ್ಟ ಪ್ರಶ್ನೆಯಲ್ಲಿ. ಕಬ್ಬಿನ ಬೆಲೆಯನ್ನು ಗೊತ್ತುಮಾಡುವ ಕಟ್ಟಳೆಯೂ, ಬೆಳೆಗಾರನನ್ನು ಒಬ್ಬನೇ ಕೊಳ್ಳುವವನಿಗೆ ಕಟ್ಟುವ ಕಟ್ಟಳೆಯೂ ಒಂದೇ ಆದೇಶದೊಳಗಿನ ಸೋದರಗಳು. ಅಂತರರಾಷ್ಟ್ರೀಯ ವ್ಯಾಪಾರದ ನ್ಯಾಯವು ಮೊದಲನೆಯದನ್ನು ಮಾತ್ರ ನೋಡುತ್ತದೆ. ಎರಡನೆಯದು ಅದರ ಕಣ್ಣಿಗೆ ಬೀಳುವುದಿಲ್ಲ. ೨೦೧೨ರಲ್ಲಿ ರಂಗರಾಜನ್ ಸಮಿತಿಯು ಪ್ರದೇಶದ ಮೀಸಲನ್ನೂ ದೂರದ ನಿಯಮವನ್ನೂ ಕೈಬಿಡಬೇಕೆಂದು ಸಲಹೆಯಿತ್ತುದು ನಮ್ಮೊಳಗಿನ ವಿಚಾರ. ಅದನ್ನು ನಡೆಸುವುದೂ ಬಿಡುವುದೂ ನಮ್ಮ ಕೈಯಲ್ಲಿಯೇ ಇದೆ. ಬೆಲೆಯ ಕಟ್ಟಳೆಯನ್ನು ಮಾತ್ರ ತೆಗೆದು ಮೀಸಲನ್ನು ಉಳಿಸಿದರೆ ಬೆಳೆಗಾರನು ಕೆಡುವನು. ಮೀಸಲನ್ನು ಸಡಿಲಿಸಿ ಕೊಳ್ಳುವವರ ಸಂಖ್ಯೆಯನ್ನು ಹೆಚ್ಚಿಸಿದರೆ ಕಟ್ಟಿದ ಬೆಲೆಯ ಅಗತ್ಯವೇ ಕಡಮೆಯಾಗಬಹುದು.

ಮಿತಾಕ್ಷರೆಯನ್ನು ಆದರ್ಶರಾಜ್ಯದ ಚಿತ್ರವೆಂದು ಎತ್ತಿಹಿಡಿಯುವುದು ನಮ್ಮ ಉದ್ದೇಶವಲ್ಲ. ಅದರಲ್ಲಿ ಬೆಲೆಯನ್ನು ಕಟ್ಟುವವನು ಅರಸನು. ಅವನನ್ನು ಪ್ರಶ್ನಿಸುವ ಹೊರಗಿನ ಪೀಠವಿಲ್ಲ. ಪರದೇಶದ ವರ್ತಕನ ರಕ್ಷಣೆಯು ಅವನ ಕೃಪೆಯನ್ನೇ ಆಶ್ರಯಿಸಿದೆ. ಆದರೂ ಆ ಐದು ಶ್ಲೋಕಗಳ ಕ್ರಮವು ಒಂದು ವಿವೇಕವನ್ನು ಕಲಿಸುತ್ತದೆ. ಬೆಲೆ ನ್ಯಾಯವೋ ಅನ್ಯಾಯವೋ ಎಂದು ಕೇಳುವ ಮೊದಲು, ಆ ಬೆಲೆಯನ್ನು ಕಟ್ಟುವ ಬಲವು ಯಾರ ಕೈಯಲ್ಲಿದೆ, ಯಾರು ಯಾರೊಡನೆ ಕೂಡಿದ್ದಾರೆ, ಅದರಿಂದ ಬಾಧೆಪಡುವವರು ಯಾರು ಎಂದು ಕೇಳತಕ್ಕುದು.

ಸಾಹಿತ್ಯವನ್ನು ಬೋಧಿಸುವ ವಿದ್ವಾಂಸರಿಗೆ ಇದರಲ್ಲಿ ಒಂದು ಕೆಲಸವೂ ಇದೆ. ಅರ್ಘ, ಪಣ್ಯ, ಸಮಯ, ಸುಂಕ, ಆಯ, ಹೇರು ಮೊದಲಾದ ಪದಗಳು ಮಿತಾಕ್ಷರೆಯಲ್ಲಿಯೂ ಕನ್ನಡ ಶಾಸನಗಳಲ್ಲಿಯೂ ಸೂಕ್ಷ್ಮವಾದ ಅರ್ಥಭೇದಗಳೊಡನೆ ಬಳಕೆಯಾಗಿವೆ. ಇಂದಿನ ವ್ಯಾಪಾರನ್ಯಾಯವನ್ನು ಕನ್ನಡದಲ್ಲಿ ಹೇಳಹೊರಟಾಗ ಪದಗಳ ಬಡತನವನ್ನು ಹೇಳಿ ನಿಟ್ಟುಸಿರಿಡುವವರು ಈ ಭಂಡಾರವನ್ನೊಮ್ಮೆ ತೆರೆದು ನೋಡಬೇಕು. ವ್ಯವಹಾರಾಧ್ಯಾಯದ ಈ ಪ್ರಕರಣಗಳನ್ನು ಸಮಕಾಲೀನ ಶಾಸನಗಳ ಪಕ್ಕದಲ್ಲಿಟ್ಟು ಓದಿದರೆ, ಜಿನೀವಾದಲ್ಲಿ ನಡೆಯುವ ವಾದವನ್ನು ಹಳ್ಳಿಖೇಡದ ಬೆಳೆಗಾರನಿಗೆ ಅವನ ಮಾತಿನಲ್ಲಿಯೇ ತಿಳಿಸಿಕೊಡುವುದು ಸಾಧ್ಯವಾಗುವುದು.